ಕಣ್ಣು ತೆರೆದ ಫೋಟೋ

ಬಕ್ಕೇಶಪ್ಪನವರನ್ನು ದಾವಣಗೆರೆಯ ಚೌಕಿಪೇಟೆಯಲ್ಲಿ ಎಲ್ಲರೂ ಬಲ್ಲರು. ಮನೆಗೆ ಕರೆಯುವವರು ಮಾತ್ರ ಕಡಿಮೆ. ತಪ್ಪು ಅವರದಲ್ಲ, ಅವರ ಕ್ಯಾಮರಾದ್ದು. ಅದು ಅರವತ್ತರ ದಶಕದ ಆರಂಭ. ವಯಸ್ಸಾದವರು ಫೋಟೋ ತೆಗೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆಂದು ನಂಬಿದ ಜನ, ಉಸಿರು ನಿಂತ ಮೇಲಷ್ಟೇ ಇವರಿಗೆ ಹೇಳಿಕಳಿಸುತ್ತಿದ್ದರು. ಲಿಂಗಾಯತರ ಮನೆಗಳಲ್ಲಿ ತೀರಿಹೋದವರಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹಾರ ಹಾಕಿ, ಗೋಡೆಗೆ ಒರಗಿಸಿ ಕೂಡಿಸುವುದು ಪದ್ಧತಿ. ಆಗ ತೆಗೆದದ್ದೇ ಅವರ ಮೊದಲ ಫೋಟೋ, ಕಡೆಯದೂ ಅದೇ. ಹೀಗಾಗಿ ಬಕ್ಕೇಶಪ್ಪ ಮೂರು ಕಾಲಿನ ಸ್ಟ್ಯಾಂಡ್ ಹೆಗಲಿಗೇರಿಸಿ ಬೀದಿಗಿಳಿದರೆ ಸಾಕು, ಎದುರಾದವರೆಲ್ಲ "ಯಾರು ಹೋದ್ರು?" ಎನ್ನುತ್ತಿದ್ದರು. ಸ್ಟ್ಯಾಂಡ್ ರಿಪೇರಿಗೆ ಒಯ್ಯುವಾಗಲೂ ಪುಣ್ಯಾತ್ಮರು ಬಿಟ್ಟವರಲ್ಲ.

ಇಂಥ ಕೆಲಸದಲ್ಲೇ ತಲೆ ನರೆತ ಮನುಷ್ಯನಿಗೆ ಒಂದು ಆಸೆಯಿತ್ತು. ಅವರ ಸ್ಟುಡಿಯೋದಲ್ಲಿ ಪೇಂಟರ್ ಹುಸೇನ್ ಸಾಬ್ ಬರೆದುಕೊಟ್ಟ ಜೋಗ ಜಲಪಾತದ ಪರದೆ ತೂಗುತ್ತಿತ್ತು. ಬರೆದವನೂ ಜೋಗ ಕಂಡಿರಲಿಲ್ಲ, ತೂಗುಹಾಕಿದವರೂ ಕಂಡಿರಲಿಲ್ಲ. ಒಮ್ಮೆ ಅಲ್ಲಿಗೇ ಹೋಗಿ ನಿಜವಾದ ನೀರಿನ ಫೋಟೋ ತೆಗೆಯಬೇಕು. ಫಿಲ್ಮ್ ಸಿಗುವುದೇ ಕಷ್ಟವಾಗಿದ್ದ ಕಾಲದಲ್ಲಿ ಒಂದು ರೋಲನ್ನು ಅದಕ್ಕೆಂದೇ ಬಚ್ಚಿಟ್ಟುಕೊಂಡಿದ್ದರು.

"ಮಳೆ ನಿಂತ ಮ್ಯಾಲೆ ಜೋಗಕ್ಕೆ ಹೋಗಣ," ಎಂದು ಹೆಂಡತಿ ಬಸವಣ್ಣೆಮ್ಮನಿಗೆ ಹೇಳಿದರು.

ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಫೋಟೋ ತೆಗೆಯಾಕೆ ಹೋಗೋದಾದ್ರೆ ಕೊಂಡಜ್ಜಿಗೆ ಹೋಗಣ."

ಕೊಂಡಜ್ಜಿ ಆಕೆಯ ತವರು, ಹರಿಹರದ ಪಕ್ಕದ ಹಳ್ಳಿ. ಬಕ್ಕೇಶಪ್ಪನಿಗೆ ನಗು ಬಂತು. "ಕೊಂಡಜ್ಜಿಯಾಗ ಏನೈತೆ? ಕೆರೆ ಐತೆ, ಕೆರೆಯಾಗ ಎಮ್ಮೆ ಐತೆ."

"ಅವ್ವ ಅದಾಳೆ," ಎಂದಳು ಬಸವಣ್ಣೆಮ್ಮ. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ ಮುಂದುವರಿಸಿದಳು: "ನಮ್ಮಪ್ಪನ ಫೋಟೋ ನೀವಾ ತೆಗ್ದಿದ್ದು. ಚೆಂದೈತೆ. ಆದ್ರೆ ಕಣ್ಣು ಮುಚ್ಚೈತೆ. ದಿನಾ ಅದನ್ನಾ ನೋಡಿ ನೋಡಿ, ಅಪ್ಪನ ಕಣ್ಣು ಹೆಂಗಿದ್ವು ಅಂತ ಈಗ ನೆಪ್ಪಿಗೇ ಬರವಲ್ದು. ಅವ್ವನ್ದೂ ಹಂಗಾಗದು ಬ್ಯಾಡ."

ಬಕ್ಕೇಶಪ್ಪ ಮುಖ ಊದಿಸಿಕೊಂಡು ಸ್ಟುಡಿಯೋಕ್ಕೆ ಹೋದರು. ಅಷ್ಟು ವರ್ಷದ ಆಸೆಗೆ ಎಮ್ಮೆಯ ಕೆರೆಯೇ ಗತಿಯಾಯಿತಲ್ಲ ಎಂದು ಸಂಕಟ. ಸಂಜೆ ಮನೆಗೆ ಬಂದವರು ಗೋಡೆಯ ಮೇಲಿದ್ದ ಮಾವನ ಫೋಟೋದ ಮುಂದೆ ನಿಂತರು. ಬೆಳಕು ಎಷ್ಟು ಚೆನ್ನಾಗಿ ಬಿದ್ದಿದೆ ಎಂದು ಹೆಮ್ಮೆಪಟ್ಟಿದ್ದ ಫೋಟೋ ಅದು. ಈಗ ಆ ಮುಚ್ಚಿದ ರೆಪ್ಪೆಗಳ ಹೊರತು ಬೇರೇನೂ ಕಾಣಲಿಲ್ಲ. ಬಚ್ಚಿಟ್ಟ ರೋಲನ್ನು ತೆಗೆದು ಕ್ಯಾಮರಾದ ಚೀಲಕ್ಕೆ ಹಾಕಿಕೊಂಡರು.

ಹರಿಹರದಲ್ಲಿ ಬಸ್ಸಿಳಿದು, ಸಿಕ್ಕ ಎತ್ತಿನ ಗಾಡಿ ಹತ್ತಿದರು. ದಾರಿಯ ಧೂಳಿಗೆ ಬಸವಣ್ಣೆಮ್ಮ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಕೊಂಡಜ್ಜಿ ಕೆರೆಯ ಏರಿಯ ಮೇಲಿದ್ದ ಹೆಂಗಸರು ನೋಡಿದ್ದು ಎರಡೇ: ಮುಖ ಮುಚ್ಚಿಕೊಂಡ ಮಗಳು, ಪಕ್ಕದಲ್ಲಿ ಅಳಿಯನ ಸ್ಟ್ಯಾಂಡ್. ಇನ್ನೇನು ಬೇಕು. ಇವರು ಕೆರೆಯಲ್ಲಿ ಕೈಕಾಲು ತೊಳೆದು ಬರುವಷ್ಟರಲ್ಲಿ ಮನೆ ಮುಂದೆ ಅರ್ಧ ಊರು ಸೇರಿತ್ತು. ಪಕ್ಕದ ಮನೆಯ ಗಿಡ್ಡಪ್ಪ ಸೇವಂತಿಗೆ ಹಾರವನ್ನೇ ಹಿಡಿದು ನಿಂತಿದ್ದ.

ಹಿತ್ತಲಲ್ಲಿ ಮೆಣಸಿನಕಾಯಿ ಹರವುತ್ತಿದ್ದ ಬಸವಣ್ಣೆಮ್ಮನ ತಾಯಿ ಮರುಳಸಿದ್ದಮ್ಮ ಗದ್ದಲ ಕೇಳಿ ಹೊರಗೆ ಬಂದಳು. "ಯಾರು ಹೋದ್ರು?" ಎಂದು ಕೇಳಿದಳು.

ಗಿಡ್ಡಪ್ಪ ಹಾರವನ್ನು ಬೆನ್ನ ಹಿಂದೆ ಮಾಡಿದ. ಮುದುಕಿ ಅವನನ್ನು ನೋಡಿದಳು, ಸ್ಟ್ಯಾಂಡ್ ನೋಡಿದಳು. ಮುಖ ಕಪ್ಪಿಟ್ಟಿತು.

"ನಾನಿನ್ನೂ ಅದೀನಲ್ಲಪ್ಪ," ಎಂದಳು ಅಳಿಯನಿಗೆ.

ಬಕ್ಕೇಶಪ್ಪನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹಿಂದಿರುಗಿ ಹೋಗುವುದೇ ಮೇಲೆಂದು ಸ್ಟ್ಯಾಂಡ್ ಎತ್ತಿಕೊಂಡರು. ಬಸವಣ್ಣೆಮ್ಮ ಮಾತ್ರ ತಾಯಿಯ ಕೈ ಹಿಡಿದಳು. "ಅಪ್ಪನ ಕಣ್ಣು ನಂಗೆ ಮರ್ತೋಗ್ಯಾವೆ ಅವ್ವ. ನಿನ್ನವೂ ಮರೆಯಂಗೆ ಮಾಡಬ್ಯಾಡ."

ಮುದುಕಿ ಬಹಳ ಹೊತ್ತು ಮಗಳ ಮುಖವನ್ನೇ ನೋಡಿದಳು. ಆಮೇಲೆ ಅಳಿಯನ ಕಡೆ ತಿರುಗಿ, "ಗೋಡೆಗೆ ಒರಗಿ ಕೂಡ್ರಾಕಿಲ್ಲ ನಾನು," ಎಂದಳು.

"ಬ್ಯಾಡ ಅತ್ತಿ, ನಿಂತ್ಕಳ್ರಿ. ಕೆರೆ ಹತ್ರ ಬೆಳಕೂ ಚೆನ್ನಾಗೈತೆ."

"ಗಿಡ್ಡಪ್ಪ, ಆ ಹಾರ ವ್ಯರ್ಥ ಮಾಡಬ್ಯಾಡ. ನಿನ್ ಎತ್ತಿಗೆ ಹಾಕು." ಜನರೆಲ್ಲ ಗೊಳ್ಳೆಂದು ನಕ್ಕರು. ಎಲ್ಲರಿಗಿಂತ ಹೆಚ್ಚು ನಿರಾಳವಾದದ್ದು ಬಕ್ಕೇಶಪ್ಪನಿಗೆ.

ಏರಿಯ ಮೇಲೆ ಮರುಳಸಿದ್ದಮ್ಮ ಸೆರಗು ಹೊದ್ದು ನೆಟ್ಟಗೆ ನಿಂತಳು. "ಇಲ್ಲಿ ನೋಡ್ರಿ ಅತ್ತಿ, ಕ್ಯಾಮರಾ ನೋಡ್ರಿ," ಎಂದು ಬಕ್ಕೇಶಪ್ಪ ಹೇಳುತ್ತಲೇ ಇದ್ದರು. ಇಡೀ ರೋಲು ಮುಗಿಯಿತು. ಜೋಗಕ್ಕೆಂದು ಇಟ್ಟದ್ದರಲ್ಲಿ ಒಂದೂ ಉಳಿಯಲಿಲ್ಲ.

ದಾವಣಗೆರೆಗೆ ಬಂದು ಫಿಲ್ಮ್ ತೊಳೆದು ನೋಡಿದರೆ, ಮುದುಕಿ ಒಂದರಲ್ಲೂ ಕ್ಯಾಮರಾ ನೋಡಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಮಗಳನ್ನೇ ನೋಡಿದ್ದಳು. ಗಿರಾಕಿಯ ಫೋಟೋ ಆಗಿದ್ದರೆ ಕೆಟ್ಟಿತು ಎನ್ನುತ್ತಿದ್ದರು. ಬಸವಣ್ಣೆಮ್ಮ ಒಂದನ್ನು ಕೈಗೆತ್ತಿಕೊಂಡವಳು ಕೆಳಗಿಡಲಿಲ್ಲ. ಅತ್ತಳು, ನಕ್ಕಳು. ಬಕ್ಕೇಶಪ್ಪನಿಗೆ ತಮ್ಮ ಕೆಲಸದ ಮೇಲೆ ಮೊದಲ ಸಲ ಪ್ರೀತಿ ಬಂತು.

ಕೆಲವು ವರ್ಷಗಳ ಮೇಲೆ ಕೊಂಡಜ್ಜಿಯಿಂದ ಸುದ್ದಿ ಬಂತು. ಗಂಡ ಹೆಂಡತಿ ಹೋದಾಗ ಮರುಳಸಿದ್ದಮ್ಮನನ್ನು ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂಡಿಸಿದ್ದರು. ಜನ ಬಕ್ಕೇಶಪ್ಪನಿಗೆ ದಾರಿ ಬಿಟ್ಟರು. ಅವರ ಬರಿಗೈ ನೋಡಿ ಗಿಡ್ಡಪ್ಪ ಮೆಲ್ಲಗೆ ಕೇಳಿದ, "ಸ್ಟ್ಯಾಂಡ್ ಎಲ್ಲಿ ಬಕ್ಕೇಶಣ್ಣ?"

"ತಂದಿಲ್ಲ," ಎಂದರು ಬಕ್ಕೇಶಪ್ಪ. "ಫೋಟೋ ಐತೆ."