ಮೂರು ವೈರಿನ ಮೋಟಾರು

ಹೊಳೆದಂಡೆಯಲ್ಲಿ ಆಯ್ದು ತಂದ ಕಲ್ಲುಗಳನ್ನು ಡಬ್ಬಿಗೆ ಹಾಕಿ ತಿರುಗಿಸಿ ನುಣುಪು ಮಾಡುವ ಹವ್ಯಾಸ ನನ್ನದು. ಅದಕ್ಕೆಂದು ಕೊಳ್ಳೇಗಾಲದ ಗುಜರಿಯಿಂದ ವಾಷಿಂಗ್ ಮೆಷಿನ್ನಿನ ಹಳೆಯ ಮೋಟಾರೊಂದನ್ನು ತಂದಿದ್ದೆ. ಯಾವ ವೈರು ಯಾವುದಕ್ಕೆ ಎಂದು ಬರೆದಿರುವ ಮೇಲಿನ ತಗಡು ತುಕ್ಕು ಹಿಡಿದು ಒಂದಕ್ಷರವೂ ಕಾಣುತ್ತಿರಲಿಲ್ಲ. ಶಾಗ್ಯದ ಶಾಲೆಯಲ್ಲಿ ದಿನವಿಡೀ ಪಾಠ ಹೇಳಿ, ಬಸ್ಸಿನಲ್ಲಿ ನಿಂತುಕೊಂಡೇ ಮನೆಗೆ ಬಂದು, ಮೂರು ದಿನ ಸಂಜೆ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತೆ.

ಮೂರು ವೈರುಗಳಿದ್ದವು. ಎರಡೆರಡನ್ನು ರೋಧ ಅಳೆಯುವ ಮೀಟರಿಗೆ ಹಿಡಿದು ನೋಡಿದೆ. ಹಳದಿ, ಕೆಂಪುಗಳ ನಡುವೆ ಅಂಕಿ ಎಲ್ಲಕ್ಕಿಂತ ದೊಡ್ಡದಾಗಿ ಬಂತು. ಹಾಗಾದರೆ ಆ ಎರಡರ ನಡುವೆ ಒಳಗಿನ ಎರಡೂ ತಂತಿ ಸುರುಳಿಗಳಿವೆ, ಉಳಿದ ನೀಲಿ ವೈರೇ ಎರಡಕ್ಕೂ ಸೇರಿದ್ದು. ಹೊಸ ಕೆಪಾಸಿಟರ್ ಹಾಕಿ ಸ್ವಿಚ್ ಒತ್ತಿದಾಗ ಮೋಟಾರು ಗುಂಯ್ ಎಂದು ತಿರುಗಿತು. ನನಗೆ ಖುಷಿಪಡಲೂ ಸುಸ್ತು. ಬಿಸಿಯಾಗಿದೆಯೇ ಎಂದು ಮುಟ್ಟಿದರೆ ಬೆರಳು ಜುಮ್ಮೆಂದಿತು. ಮೋಟಾರಿನ ಅದುರುವಿಕೆ ಇರಬೇಕೆಂದುಕೊಂಡು ಆರಿಸಿದೆ.

ಪಂಪಿನ ಮೋಟಾರು ರಿಪೇರಿ ಮಾಡುವ ಪಕ್ಕದ ಮನೆಯವರು ಸದ್ದು ಕೇಳಿ ಬಂದರು.

"ಬಾಡಿ ಚೆಕ್ ಮಾಡುದ್ರಾ ಮೇಡಂ?"

"ಇಲ್ಲ" ಎಂದೆ.

ಅವರು ಪ್ಲಗ್ ಕಿತ್ತು, ಮೀಟರಿನ ಒಂದು ಕಡ್ಡಿಯನ್ನು ವೈರಿಗೂ ಇನ್ನೊಂದನ್ನು ಮೋಟಾರಿನ ಕಬ್ಬಿಣಕ್ಕೂ ಒತ್ತಿದರು. ಮೀಟರು ಕೂಗಿತು.

"ಕರೆಂಟು ಬಾಡಿಗೆ ಬತ್ತಾದೆ ಕಣ್ರಿ. ಮೊದ್ಲು ಇದ್ನೇ ನೋಡ್ಬೇಕು. ಕಾಲಲ್ಲಿ ಚಪ್ಲಿ ಇತ್ತಾ?"

"ಇತ್ತು."

"ಉಳ್ಕಂಡ್ರಿ."

ನನಗೆ ಭಯವಾಗಲಿಲ್ಲ. ಮೂರು ಸಂಜೆ ಹಾಳಾಯಿತಲ್ಲ ಎಂದು ಸಂಕಟವಾಯಿತು, ಅಷ್ಟೆ.

"ಒಸ ತಂತಿ ಸುತ್ಕೊಡ್ಲಾ?"

ಹೂಂ ಎನ್ನಲೂ ತ್ರಾಣವಿರಲಿಲ್ಲ, ತಲೆಯಾಡಿಸಿದೆ. ಅವರು ಮೋಟಾರನ್ನು ಕಂಕುಳಲ್ಲಿಟ್ಟುಕೊಂಡು ಹೋದರು. ನಾನು ಗೋಡೆಗೊರಗಿ ಅಲ್ಲೇ ಕೂತೆ.