ಅಲ್ಮಾರಿ ಮೇಲಿಟ್ಟ ಮಾತು

ಹೋದ ವಾರ ಒಂದು ಸಂಜೆ. ಆಫೀಸು ಮುಗಿಸಿ ಓಣಿಯ ತಿರುವಿಗೆ ಬಂದು ಸ್ಕೂಟಿ ನಿಧಾನ ಮಾಡಿದ್ದೇ ತಡ, ಪಕ್ಕದ ಮನೆಯ ಬಾಗಿಲಿಂದ ನನ್ನದೇ ದನಿ ಕೇಳಿಸಿತು. ‘ಎಲ್ಲಿಗೆ ಹೊಂಟೀರಿ?’

ನಾನಿನ್ನೂ ಹೆಲ್ಮೆಟ್ ಕೂಡ ತೆಗೆದಿರಲಿಲ್ಲ. ಬಾಯಂತೂ ಮುಚ್ಚಿಕೊಂಡೇ ಇತ್ತು. ಆದರೂ ಚೀಲ ಹಿಡಿದು ಹೊರಟಿದ್ದ ಹಿರಿಯರೊಬ್ಬರು ಆ ಬಾಗಿಲ ಕಡೆ ತಿರುಗಿ, ‘ಇಲ್ಲೇ ಹಾಲಿಗ್ರೀ ಅಕ್ಕಾರ’ ಎಂದು ಉತ್ತರ ಕೊಟ್ಟು ಹೋದರು!

ದೆವ್ವ ಅಲ್ಲ, ಗಾಬರಿಯಾಗಬೇಡಿ. ಅದು ಅಕ್ಷತಾ.

ಅಕ್ಷತಾ ನಮ್ಮ ಪಕ್ಕದ ಮನೆಯ ನೀಲಮ್ಮನ ಮಗಳು. ಹನ್ನೊಂದು ವರ್ಷ. ಇಲ್ಲೇ ಗಂಗಾವತಿಯ ಸರಕಾರಿ ಶಾಲೆಯಲ್ಲಿ ಆರನೇ ಕ್ಲಾಸು. ಹುಟ್ಟುವಾಗಲೇ ಮಿದುಳಿಗೆ ತೊಂದರೆಯಾಗಿ ಕೈಕಾಲು ಅವಳ ಹಿಡಿತಕ್ಕೆ ಸಿಗುವುದಿಲ್ಲ, ನಾಲಿಗೆಯೂ ಅಷ್ಟೇ. ವ್ಹೀಲ್‌ಚೇರ್ ಮೇಲೆ ಓಡಾಟ. (ತಲೆ ಮಾತ್ರ ಭಾರಿ ಚುರುಕು. ಜೋಕ್ ಹೇಳಿದರೆ ನಮ್ಮೆಲ್ಲರಿಗಿಂತ ಮೊದಲು ನಗುವವಳು ಅವಳೇ.) ಹೌದು ಎನ್ನಲು ಕಣ್ಣು ಮೇಲೆತ್ತುತ್ತಾಳೆ. ಇಲ್ಲ ಎನ್ನಲು ಮುಖ ತಿರುಗಿಸುತ್ತಾಳೆ. ಇಷ್ಟರಲ್ಲೇ ಅವಳ ಎಲ್ಲ ಮಾತೂ ಮುಗಿಯಬೇಕಿತ್ತು.

ಹೋದ ತಿಂಗಳು ಫರೀದಾ ಟೀಚರ್ ಬಂದರು. ವಿಶೇಷ ಮಕ್ಕಳಿಗೆ ಕಲಿಸಲು ತಾಲ್ಲೂಕಿನ ಶಾಲೆ ಶಾಲೆ ತಿರುಗುವವರು. ಅವರ ಕೈಯಲ್ಲಿ ಮಕ್ಕಳು ಬರೆಯುವ ಪಾಟಿಯಷ್ಟು ದೊಡ್ಡ ಡಿವೈಸ್. ಅದರ ಮೇಲೆ ಹನ್ನೆರಡು ಚೌಕ, ಚೌಕಕ್ಕೊಂದು ಚಿತ್ರ. ಒತ್ತಿದರೆ ಮಾತಾಡುತ್ತದೆ.

‘ಮೂರು ವಾರ ಟ್ರಯಲ್ ಐತ್ರಿ. ಯಾರೂ ಹೇಳಿಕೊಡದ ಅಕಿ ತಾನಾಗೇ ಬಳಸಿದ್ಲಂದ್ರ ಇದು ಅಕೀದೇ. ಇಲ್ಲಂದ್ರ ನಾ ವಾಪಸ್ ಒಯ್ಯಬೇಕಾಗ್ತೈತಿ’ ಎಂದರು. ನೀಲಮ್ಮ ಅದನ್ನು ಎರಡೂ ಕೈಯಿಂದ ಈಸಿಕೊಂಡು ಕಣ್ಣಿಗೊತ್ತಿಕೊಂಡಳು.

ಮೊದಲನೇ ತಕರಾರು ದನಿಯದು. ಡಿವೈಸಿನೊಳಗಿನ ಹೆಂಗಸು ವಾರ್ತೆ ಓದುವವಳ ಹಾಗೆ ‘ನನಗೆ ಬಾಯಾರಿಕೆಯಾಗಿದೆ’ ಅಂದಳು. ನೀಲಮ್ಮ ಹೌಹಾರಿದಳು. ‘ಯಾರ್ರೀ ಇಕಿ? ನಮ್ಮನ್ಯಾಗ ಯಾರಿಗೂ ಬಾಯಾರಿಕಿ ಆಗಂಗಿಲ್ಲ. ನೀರಡಿಕಿ ಆಗ್ತೈತಿ!’

ನಮ್ಮ ದನಿಯನ್ನೇ ರೆಕಾರ್ಡ್ ಮಾಡಬಹುದು ಎಂದು ತೋರಿಸಿಕೊಟ್ಟು ಟೀಚರ್ ಮುಂದಿನ ಶಾಲೆಗೆ ಹೋದರು. ಮೈಕ್ ನೋಡಿದ್ದೇ ನೀಲಮ್ಮನ ಬಾಯಿ ಒಣಗಿತು. ‘ಅಕ್ಕಾರ, ನೀವ ಹೇಳ್ರಿ’ ಎಂದಳು. ಮಾತಾಡು ಅಂತ ನನಗೆ ಎರಡು ಸಲ ಹೇಳಬೇಕೇ? (ನಮ್ಮ ಮನೆಯವರು ಈ ವಾಕ್ಯದ ಕೆಳಗೆ ಗೆರೆ ಎಳೆಯುತ್ತಾರೆ, ಗೊತ್ತು.)

ಚಹಾ ಕುಡಿಯುತ್ತಾ ನಾವಿಬ್ಬರೇ ಕೂತು ಮಾತು ಆರಿಸಿದೆವು. ನೀರು ಬೇಕು, ಊಟ ಬೇಕು, ಚಾ ಬೇಕು, ನಿದ್ದಿ ಬಂದೈತಿ, ನಮಸ್ಕಾರ, ಥ್ಯಾಂಕ್ಸ್... ಹನ್ನೆರಡೂ ಚೌಕ ತುಂಬಿದವು. ಅಕ್ಷತಾ ಪಕ್ಕದಲ್ಲೇ ಇದ್ದಳು. ಅವಳನ್ನೊಂದು ಮಾತು ಕೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಹೊಸ ಸಾಮಾನು ಮನೆಗೆ ಬಂದರೆ ನಾವೇನು ಮಾಡುತ್ತೇವೆ? ಕುಂಕುಮ ಹಚ್ಚುತ್ತೇವೆ. ಮೇಲಿನ ಪ್ಲಾಸ್ಟಿಕ್ ತೆಗೆಯುವುದಿಲ್ಲ. ಎತ್ತರದಲ್ಲಿ ಇಡುತ್ತೇವೆ. (ನಿಮ್ಮ ಟಿವಿ ರಿಮೋಟ್ ಈಗಲೂ ಕವರಿನೊಳಗೇ ಇದೆ ತಾನೆ?) ಅಕ್ಷತಾಳ ಮಾತಿನ ಡಿವೈಸ್ ಅಲ್ಮಾರಿಯ ಮೇಲೆ, ಒಮ್ಮೆಯೂ ಬಳಸದ ಡಿನ್ನರ್ ಸೆಟ್ ಪಕ್ಕದಲ್ಲಿ, ಕಸೂತಿ ಬಟ್ಟೆ ಹೊದ್ದು ಕೂತಿತು.

ಮನೆಗೆ ಯಾರಾದರೂ ಬಂದಾಗಷ್ಟೇ ಇಳಿಯುತ್ತಿತ್ತು. ಅಳವಂಡಿಯಿಂದ ನೀಲಮ್ಮನ ಅಣ್ಣ ಬಂದ ದಿನ, ‘ಯವ್ವಾ, ಮಾಮಾಗ ನಮಸ್ಕಾರ ಅನ್ನು’ ಎಂದಳು. ಅಕ್ಷತಾ ಒತ್ತಿದಳು. ಚಪ್ಪಾಳೆ. ಡಿವೈಸ್ ಮತ್ತೆ ಮೇಲೆ. ಮೂರನೇ ಸಲ ಇಳಿಸಿದಾಗ ಹುಡುಗಿ ಕೈ ಹಿಂದಕ್ಕೆ ಎಳೆದುಕೊಂಡಳು.

ಇನ್ನು ನೀರು, ಊಟ? ಮಗಳ ಹುಬ್ಬು ಅಲುಗಿದರೆ ಸಾಕು, ನೀಲಮ್ಮನ ಕೈಯಲ್ಲಿ ತಂಬಿಗೆ ಇರುತ್ತಿತ್ತು. ಕೇಳುವ ಮೊದಲೇ ಕೊಡುವ ತಾಯಿ ಇದ್ದಾಗ ಬಾಯಿ ಯಾಕೆ ಬೇಕು?

ಎರಡು ವಾರ ಹೀಗೇ ಕಳೆಯಿತು. ಫರೀದಾ ಟೀಚರ್ ನೋಡಲು ಬಂದವರು ಅಲ್ಮಾರಿಯ ಮೇಲೆ ಕಣ್ಣಾಡಿಸಿ ಸೊಂಟದ ಮೇಲೆ ಕೈಯಿಟ್ಟು ನಿಂತರು.

‘ನೀಲಮ್ಮಾರ, ನಿಮ್ಮ ನಾಲಿಗಿ ಬಿಚ್ಚಿ ಅಲ್ಮಾರಿ ಮ್ಯಾಲಿಟ್ಟು ಒಂದ ದಿನ ಸಂತಿ ಮಾಡ್ಕೊಂಡು ಬರ್ರಿ ನೋಡೋಣು!’

ನಾನು ಕಿಸಕ್ಕನೆ ನಕ್ಕೆ. ಅವರು ನನ್ನ ಕಡೆ ತಿರುಗಿದರು. ‘ನೀವು ನಗಬ್ಯಾಡ್ರಿ ಅಕ್ಕಾರ. ಇದರಾಗ ಬ್ಯಾಡ ಅನ್ನೋದು ಎಲ್ಲೈತಿ ತೋರಸ್ರಿ?’

ಹುಡುಕಿದೆ. ಇರಲಿಲ್ಲ. ಹನ್ನೆರಡು ಚೌಕದಲ್ಲಿ ಬೇಡುವುದಿತ್ತು, ಕೈಮುಗಿಯುವುದಿತ್ತು. ಒಲ್ಲೆ ಎನ್ನುವುದಕ್ಕೆ ಜಾಗವೇ ಇರಲಿಲ್ಲ. ದಿನವಿಡೀ ಬರೀ ನೀರು ಬೇಕು, ಥ್ಯಾಂಕ್ಸ್ ಅಂತ ಯಾವ ಮನುಷ್ಯರು ಮಾತಾಡುತ್ತಾರೆ? ನನಗೆ ನಿಜಕ್ಕೂ ನಾಚಿಕೆಯಾಯಿತು.

ಟೀಚರ್ ನೆಲದ ಮೇಲೆ ಕೂತು ಅಕ್ಷತಾಳನ್ನೇ ಕೇಳಿದರು. ಬ್ಯಾಡ? ಕಣ್ಣು ಸರ್ರನೆ ಮೇಲೆ ಹೋಯಿತು. ಸಾಕು? ಮೇಲೆ. ಎಲ್ಲಿಗೆ ಹೊಂಟೀರಿ? ಮೇಲೆ, ಜೊತೆಗೆ ಕಿಲಕಿಲ ನಗು. ಥ್ಯಾಂಕ್ಸ್? ಮುಖ ಪಕ್ಕಕ್ಕೆ ತಿರುಗಿತು. ಅದನ್ನೂ ಅವಳು ಒಲ್ಲೆ ಎಂದ ಇನ್ನೆರಡನ್ನೂ ಅಳಿಸಿದೆವು. ನಾನು ಹೊಸದಾಗಿ ರೆಕಾರ್ಡ್ ಮಾಡಿದೆ. ಡಿವೈಸ್ ವ್ಹೀಲ್‌ಚೇರಿನ ಟ್ರೇಗೆ ಬಂತು. ಉಳಿದಿದ್ದು ಒಂದೇ ವಾರ.

ಆ ವಾರ ಓಣಿಯಲ್ಲಿ ಹೋಗುವವರನ್ನು ಬಿಡದೆ ವಿಚಾರಿಸಲಾಯಿತು. ಎರಡು ಸಲ ಸಂತೆಗೆ ಹೋದವರಿಗೆ ಎರಡು ಸಲವೂ ಪ್ರಶ್ನೆ. ಅಕ್ಷತಾಳ ಮುಖದಲ್ಲಿ ಠಾಣೆಯ ಸಾಹೇಬರ ಗತ್ತು.

ಬುಧವಾರ ರಾತ್ರಿ ನೀಲಮ್ಮ ರೊಟ್ಟಿಯ ತುತ್ತು ಹಿಡಿದೇ ನನ್ನ ಮನೆಗೆ ಓಡಿಬಂದಳು. ‘ಅಕ್ಕಾರ, ನನ್ನ ಮಗಳು ನನಗ ಸಾಕು ಅಂದ್ಲ್ರಿ! ಇದೊಂದ ತುತ್ತು ತಿನ್ನವ್ವಾ ಅಂದೆ. ಸಾಕು, ಸಾಕು, ಸಾಕು ಅಂತ ಮೂರು ಸಲ ಒತ್ತಿದ್ಲು!’ ಅವಳ ಖುಷಿ ನೋಡಿ ನನ್ನ ಕಣ್ಣು ತುಂಬಿತು. ಮಗಳು ಫಸ್ಟ್ ಕ್ಲಾಸ್ ಪಾಸಾದ ಸುದ್ದಿ ಹೇಳುವಂತಿದ್ದಳು.

ವಾಪಸ್ ಹೊರಟವಳು ಹೊಸ್ತಿಲ ಮೇಲೆ ನಿಂತಳು. ‘ಹಂಗಾರ, ಇಷ್ಟು ವರ್ಷ ಉಣ್ಣುವಾಗ ಮಾರಿ ತಿರುವ್ತಿದ್ಲಲ್ರಿ... ನಾ ಹಟ ಅಂತ ತಿಳಕೊಂಡಿದ್ದೆ. ಅದು ನಖರಾ ಅಲ್ಲೇನು?’

ಕೈಯಲ್ಲಿದ್ದ ತುತ್ತನ್ನೇ ನೋಡುತ್ತಾ ಮನೆ ಕಡೆ ನಡೆದಳು.

ಮೊನ್ನೆ ಶನಿವಾರ ಟ್ರಯಲ್ಲಿನ ಕೊನೆಯ ದಿನ. ಫರೀದಾ ಟೀಚರ್ ಫಾರ್ಮ್ ಹಿಡಿದು ಕೂತರು. ನೀಲಮ್ಮ ಮುಂಜಾನೆಯಿಂದಲೇ ತಯಾರಿ ನಡೆಸಿದ್ದಳು. ಮಗಳಿಗೆ ಹೊಸ ಫ್ರಾಕು, ಎರಡು ಜಡೆ, ಮಲ್ಲಿಗೆ.

‘ಯವ್ವಾ, ಟೀಚರ್‌ಗೆ ನಮಸ್ಕಾರ ಅನ್ನು.’ ಅಕ್ಷತಾ ಸುಮ್ಮನೆ ಕೂತಳು. ‘ಹೋಗ್ಲಿ, ನೀರರ ಬೇಡು.’ ಆಗಲೂ ಸುಮ್ಮನೆ. ನಾನೂ ಬಾಯಿ ಹಾಕಿದೆ. ‘ಅಕ್ಷತಾ, ನಿನ್ನೆ ನನಗ ಎಲ್ಲಿಗೆ ಹೊಂಟೀರಿ ಅಂದ್ಯಲ್ಲ, ಅದನ್ನರ ಹೇಳು.’

ಅವಳ ಕೈ ನಿಧಾನಕ್ಕೆ ಎದ್ದಿತು. ಗಾಳಿಯಲ್ಲಿ ಅತ್ತಿತ್ತ ಓಲಾಡಿತು. ಕೊನೆಗೆ ಒಂದು ಚೌಕದ ಮೇಲೆ ಬಿತ್ತು.

‘ಬ್ಯಾಡ.’

ನೀಲಮ್ಮ ಅತ್ತೇಬಿಟ್ಟಳು. ‘ದಿನಾ ಹಿಂಗ ಮಾಡಂಗಿಲ್ರಿ ಟೀಚರ್. ಇವತ್ತ ನಖರಾ ಮಾಡಾಕತ್ತಾಳ. ಒಯ್ಯಬ್ಯಾಡ್ರಿ ಅದನ್ನ.’

ಫರೀದಾ ಟೀಚರ್ ಬರೆಯುತ್ತಲೇ ಇದ್ದರು. ಮುಖದ ತುಂಬ ನಗು. ‘ಅಳ್ತೀರ್ಯಾಕ? ಇಬ್ಬರು ದೊಡ್ಡೋರು ಎರಡೂ ಕಡೆ ಜಗ್ಗಾಕತ್ತಿದ್ರಿ. ಯಾರೂ ಹೇಳಿಕೊಡದ ಒಂದ ಮಾತು ಹುಡುಕಿ ನಿಮ್ಮಿಬ್ಬರ ಬಾಯಿ ಮುಚ್ಚಿಸ್ಯಾಳ. ನಾ ನೋಡಾಕ ಬಂದಿದ್ದ ಇದನ್ರಿ. ಇನ್ಮ್ಯಾಗ ಇದು ಅಕೀದು.’

ನೀಲಮ್ಮ ಅಳುತ್ತಲೇ ನಗಲು ಶುರುಮಾಡಿದಳು. ನಾನು ನನ್ನ ವಯಸ್ಸಿಗೆ ಸಾಧ್ಯವಾದಷ್ಟು ಕುಣಿದೆ. ಅಕ್ಷತಾ ನಮ್ಮಿಬ್ಬರನ್ನೂ ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕಳು.

ಈಗ ನೀವು ಹೇಳಿ. ಬಾಯಿ ಇರುವವರೇ ತುಂಬಿರುವ ನಿಮ್ಮ ಮನೆಯಲ್ಲಿ, ಯಾರ ‘ಬೇಡ’ವನ್ನು ನೀವು ಇನ್ನೂ ನಖರಾ ಅಂದುಕೊಂಡಿದ್ದೀರಿ?