ಎದ್ದ ಮುಳ್ಳು

ಶಂಕ್ರೆಪ್ಪ ತೀರಿಕೊಂಡು ಎರಡು ತಿಂಗಳಾಗಿತ್ತು. ಅವನ ಹಳೇ ಕಾರಿನ ಸ್ಪೀಡೋಮೀಟರಿನ ಮುಳ್ಳು ಸೊನ್ನೆ ಬಿಟ್ಟು ಏಳುತ್ತಿರಲಿಲ್ಲ. ಹೆಂಡತಿ ರಾಚವ್ವ ಅದನ್ನು ಧಾರಾವಿಯಲ್ಲಿದ್ದ ಮೈದುನ ದೇವಾನಂದನ ಗ್ಯಾರೇಜಿಗೆ ತರಿಸಿದ್ದಳು.

“ವೈನಿ, ಮೀಟರ್ ಸತ್ತೈತ್ರಿ. ಕಿತ್ತು ಬ್ಯಾರೇದು ಹಾಕ್ತೀನಿ,” ಎಂದ ದೇವಾನಂದ.

“ಮುಟ್ಟಬ್ಯಾಡ. ನಿಮ್ಮಣ್ಣ ಮೂವತ್ತು ವರ್ಷ ಓಡಿಸಿದ ಕಿಲೋಮೀಟರ್ ಅದರಾಗ ಅದಾವು.”

“ಗಾಡಿ ವಿಷಯ ನಿಮಗೇನ್ ತಿಳೀತೈತ್ರಿ?”

ಮುಳ್ಳು ನಿಂತಾಗಲೆಲ್ಲ ಗಂಡ ಮೀಟರಿನ ಹಿಂದಿನ ಕೇಬಲ್ ಬಿಚ್ಚಿ, ಒಳಗಿನ ತಂತಿಯ ತುದಿಯನ್ನು ಅವಳ ಕೈಗೆ ಕೊಟ್ಟು ಕಾರು ತಳ್ಳುತ್ತಿದ್ದ. ತಂತಿ ತಿರುಗಿದರೆ ಮೀಟರ್ ಕೆಟ್ಟಿದೆ, ತಿರುಗದಿದ್ದರೆ ಕೇಬಲ್ ಕೆಟ್ಟಿದೆ. ರಾಚವ್ವ ಸೆರಗು ಸಿಕ್ಕಿಸಿ, ಕೈ ಒಳಗೆ ಹಾಕಿ ಕೇಬಲ್ ಬಿಚ್ಚಿದಳು.

“ಹಿಂದ ಹೋಗಿ ತಳ್ಳು.”

“ನಾನ?”

“ಮತ್ತ್ಯಾರು? ನಿಮ್ಮಣ್ಣ ಎದ್ದು ಬರಬೇಕೇನು?”

ಅವನು ಬೆವರುತ್ತ ತಳ್ಳಿದ. ಚಕ್ರ ಉರುಳಿತು, ಬೆರಳ ನಡುವಿನ ತಂತಿ ಅಲುಗಲಿಲ್ಲ. ಹೊರಗೆಳೆದು ನೋಡಿದರೆ ಕೇಬಲ್ ನಡುವೆ ತುಂಡಾಗಿತ್ತು. ದೇವಾನಂದ ಹೊಸ ಕೇಬಲ್ ಹಾಕಿ, ರಾಚವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರು ಹೊರಡಿಸಿದ. ಮುಳ್ಳು ಎದ್ದಿತು. ಗಂಡ ನಿಲ್ಲಿಸಿ ಹೋಗಿದ್ದ ಕಿಲೋಮೀಟರ್ ಅಂಕಿಯೂ ಒಂದು ಮುಂದಕ್ಕೆ ಸರಿಯಿತು.

ಕಣ್ಣು ತುಂಬಿದರೂ ಅವಳು ಒರೆಸಿಕೊಳ್ಳಲಿಲ್ಲ.

“ನನಗ ಗಾಡಿ ಕಲಿಸು,” ಎಂದಳು. “ಮುಂದಿನ ಕಿಲೋಮೀಟರ್ ನಾನ ಓಡಸ್ತೀನಿ.”